ಕಂತಿಗಿಂತ ಮೊದಲು ಕಡಿತ ನೋಡಿ

ಕುಟುಂಬಕ್ಕೆ ಆರೋಗ್ಯ ವಿಮೆ ಮಾಡಿಸಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ವರ್ಷಕ್ಕೆ ಕಂತು ಎಷ್ಟು, ಅದಕ್ಕೆ ಸಿಗುವ ವಿಮಾ ಮೊತ್ತ ಎಷ್ಟು? ಎರಡು ಪಾಲಿಸಿಗಳೂ ಹತ್ತು ಲಕ್ಷದವು, ಒಂದರ ಕಂತು ಐದಾರು ಸಾವಿರ ಕಡಿಮೆ ಎಂದಾದರೆ ಕೈ ತಾನಾಗಿಯೇ ಅದರ ಕಡೆ ಹೋಗುತ್ತದೆ. ಸ್ವಲ್ಪ ಹುಷಾರಾದವರು ಮೂರನೆಯ ಪ್ರಶ್ನೆಯನ್ನೂ ಕೇಳುತ್ತಾರೆ: ಈ ಕಂಪನಿ ನೂರಕ್ಕೆ ಎಷ್ಟು ಕ್ಲೇಮು ಪಾಸು ಮಾಡುತ್ತದೆ? ಮೂರೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕ ಮೇಲೂ ಡಿಸ್ಚಾರ್ಜಿನ ದಿನ ಬಿಲ್ಲಿಂಗ್ ಕೌಂಟರಿನಲ್ಲಿ ಲಕ್ಷ ರೂಪಾಯಿ ಕೈಯಿಂದ ಕಟ್ಟಬೇಕಾದೀತು. ಕ್ಲೇಮು ಪಾಸಾಗಿರುತ್ತದೆ, ವಿಮಾ ಮೊತ್ತವೂ ಮುಗಿದಿರುವುದಿಲ್ಲ. ಆದರೂ ಬಿಲ್ಲಿನ ಅರ್ಧದಷ್ಟು ನಮ್ಮ ಪಾಲಿಗೇ ಉಳಿದಿರುತ್ತದೆ. ಬಿಲ್ಲಿನಲ್ಲಿ ಕಂಪನಿ ಏನೇನನ್ನು ಹಿಡಿದುಕೊಳ್ಳುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೊಳ್ಳುವಾಗ ಕೇಳಿರುವುದಿಲ್ಲ. ಪಾಲಿಸಿಗಳನ್ನು ಹೋಲಿಸುವ ಕೆಲಸ ಶುರುವಾಗಬೇಕಾದದ್ದೇ ಆ ಪ್ರಶ್ನೆಯಿಂದ ಎಂಬುದು ಈ ಲೇಖನದ ವಾದ.

ಇದಕ್ಕೆ ಆಧಾರ ವಿಮಾ ನಿಯಂತ್ರಣ ಪ್ರಾಧಿಕಾರದ, ಅಂದರೆ ಐಆರ್‌ಡಿಎಐಯ, 2023-24ರ ವಾರ್ಷಿಕ ವರದಿಯಲ್ಲೇ ಇದೆ. ಆ ವರ್ಷ ದೇಶದ ಆರೋಗ್ಯ ವಿಮಾ ಕಂಪನಿಗಳ ಮುಂದೆ ಬಂದ ಕ್ಲೇಮುಗಳಲ್ಲಿ ಸಂಖ್ಯೆಯ ಲೆಕ್ಕದಲ್ಲಿ ಶೇ 82ರಷ್ಟು ಇತ್ಯರ್ಥವಾದವು. ಹಣದ ಲೆಕ್ಕ ಹಿಡಿದರೆ ಚಿತ್ರ ಬೇರೆ. ಕೇಳಿದ್ದು ಸುಮಾರು 1.17 ಲಕ್ಷ ಕೋಟಿ ರೂಪಾಯಿ, ಕೊಟ್ಟದ್ದು ಸುಮಾರು 83,500 ಕೋಟಿ, ಅಂದರೆ ಶೇ 71. ಉಳಿದದ್ದರಲ್ಲಿ ಪೂರ್ತಿಯಾಗಿ ತಿರಸ್ಕರಿಸಿದ ಕ್ಲೇಮುಗಳ ಮೊತ್ತ ಸುಮಾರು 10,900 ಕೋಟಿ. ಪಾಲಿಸಿಯ ಷರತ್ತಿನ ಪ್ರಕಾರ ಕೊಡಲು ಬರುವುದಿಲ್ಲ ಎಂದು ಬದಿಗಿಟ್ಟ ಮೊತ್ತ ಸುಮಾರು 15,100 ಕೋಟಿ. ಜನ ಹೆದರುವುದು ತಿರಸ್ಕಾರಕ್ಕೆ, ಪತ್ರಿಕೆಗಳಲ್ಲಿ ಸುದ್ದಿಯಾಗುವುದೂ ಅದೇ. ಆದರೆ ಅದಕ್ಕಿಂತ ಹೆಚ್ಚಿನ ಹಣ ಗದ್ದಲವಿಲ್ಲದೆ ಷರತ್ತುಗಳ ಜರಡಿಯಲ್ಲಿ ನಿಂತುಹೋಗುತ್ತದೆ. ಇಲ್ಲಿ ನಮಗೆ ಅನುಕೂಲವಾದ ಒಂದು ಸಂಗತಿಯೂ ಇದೆ. ಕ್ಲೇಮು ತಿರಸ್ಕಾರವಾಗುತ್ತದೆಯೇ ಎಂದು ಯಾರೂ ಮೊದಲೇ ಹೇಳಲಾರರು. ಕಡಿತ ಎಷ್ಟಾಗುತ್ತದೆ ಎಂಬುದನ್ನು ಮಾತ್ರ ಪಾಲಿಸಿ ಕೊಳ್ಳುವ ಮೊದಲೇ, ಮನೆಯಲ್ಲಿ ಕೂತು, ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಬಹುದು, ಏಕೆಂದರೆ ಅದೆಲ್ಲ ಕರಾರಿನಲ್ಲಿ ಬರೆದಿಟ್ಟ ವಿಷಯ.

ಲೆಕ್ಕ ಹಾಕುವ ದಾರಿ ಸರಳ. ಒಂದು ಊಹೆಯ ಆಸ್ಪತ್ರೆ ಬಿಲ್ಲು ತಯಾರಿಸಿ, ಅದನ್ನು ನೀವು ನೋಡುತ್ತಿರುವ ಪ್ರತಿಯೊಂದು ಪಾಲಿಸಿಯ ಷರತ್ತಿಗೂ ಒಡ್ಡಿ ನೋಡಬೇಕು. ಉದಾಹರಣೆಗೆ, ಶಸ್ತ್ರಚಿಕಿತ್ಸೆಗಾಗಿ ಐದು ದಿನ ಆಸ್ಪತ್ರೆಯಲ್ಲಿದ್ದು ಮೂರು ಲಕ್ಷ ಬಿಲ್ಲಾಯಿತು ಎನ್ನೋಣ. ದಿನಕ್ಕೆ 10,000ದಂತೆ ರೂಮಿಗೆ 50,000. ಸರ್ಜನ್, ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ ಒಂದೂವರೆ ಲಕ್ಷ. ಸ್ಕ್ಯಾನು, ರಕ್ತಪರೀಕ್ಷೆಗಳಿಗೆ 40,000. ಔಷಧಿ ಮತ್ತಿತರ ಸಾಮಗ್ರಿಗೆ 60,000. ಅದರಲ್ಲಿ ಗ್ಲೌಸು, ಮಾಸ್ಕಿನಂಥವು 12,000. ಈಗ ಐದು ಲಕ್ಷದ ಒಂದು ಪಾಲಿಸಿ ತೆಗೆದುಕೊಳ್ಳಿ. ಅದರಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ 1ರ ಮಿತಿ ಇದೆ, ಅಂದರೆ 5,000. ರೂಮಿನ ಬಾಬತ್ತಿನಲ್ಲಿ 25,000 ಹೋಯಿತು, ಅಷ್ಟೇ ತಾನೇ ಎಂದು ಹೆಚ್ಚಿನವರು ಭಾವಿಸುತ್ತಾರೆ. ಅಷ್ಟೇ ಅಲ್ಲ. ಮಿತಿ ಮೀರಿದ ರೂಮು ಹಿಡಿದರೆ ಅದೇ ಅನುಪಾತದಲ್ಲಿ ಉಳಿದ ಖರ್ಚನ್ನೂ ಕಡಿತ ಮಾಡುವ ಷರತ್ತು ಇಂಥ ಪಾಲಿಸಿಗಳಲ್ಲಿರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ವೈದ್ಯರ ಫೀಸು, ಥಿಯೇಟರ್ ಬಾಡಿಗೆ ಎಲ್ಲವೂ ಏರುವುದರಿಂದ ಈ ನಿಯಮ ಹುಟ್ಟಿಕೊಂಡಿದೆ. ಅರ್ಹತೆ 5,000, ಹಿಡಿದದ್ದು 10,000. ಹಾಗಾಗಿ ಒಂದೂವರೆ ಲಕ್ಷದಲ್ಲೂ ಅರ್ಧ, 75,000, ಕೈಬಿಟ್ಟಿತು. ಔಷಧಿ, ಇಂಪ್ಲಾಂಟು, ಪರೀಕ್ಷೆ ಮತ್ತು ಐಸಿಯು ಖರ್ಚಿಗೆ ಈ ಅನುಪಾತದ ಕತ್ತರಿ ಹಾಕಬಾರದು ಎಂದು ಪ್ರಾಧಿಕಾರ 2020ರಲ್ಲೇ ಹೇಳಿದೆ. ಎಲ್ಲ ರೂಮಿಗೂ ಒಂದೇ ಚಿಕಿತ್ಸಾ ದರ ಇಟ್ಟಿರುವ ಆಸ್ಪತ್ರೆಯಲ್ಲೂ ಹಾಕುವಂತಿಲ್ಲ. ಆ ಮಟ್ಟಿಗೆ ಬಚಾವು.

ಮುಂದಿನದು ಗ್ಲೌಸು ಮಾಸ್ಕಿನ 12,000. ಕರಾರಿನ ಕೊನೆಯಲ್ಲಿ 68 ವಸ್ತುಗಳ ಒಂದು ಪಟ್ಟಿ ಇರುತ್ತದೆ, ಯಾರೂ ಓದದ ಪಟ್ಟಿ. ಅದಕ್ಕೆಂದೇ ಬೇರೆ ರೈಡರ್ ತೆಗೆದುಕೊಳ್ಳದಿದ್ದರೆ ಅವುಗಳಿಗೆ ಹಣ ಸಿಗದು. ಇಲ್ಲಿಯವರೆಗೆ ಪಾಸಾದದ್ದು ರೂಮಿನ 25,000, ಚಿಕಿತ್ಸೆಯ 75,000, ಔಷಧಿಯ 48,000, ಪರೀಕ್ಷೆಯ 40,000: ಒಟ್ಟು 1,88,000. ಈ ಪಾಲಿಸಿಯಲ್ಲಿ ಶೇ 20 ಕೋ-ಪೇ, ಅಂದರೆ ಪಾಸಾದ ಮೊತ್ತದಲ್ಲಿ ನಾವೇ ಭರಿಸಬೇಕಾದ ಪಾಲು, ಕೂಡ ಇದ್ದರೆ ಅದರಲ್ಲೂ 37,600 ನಮ್ಮದು. ಕಂಪನಿ ಕೊಟ್ಟದ್ದು 1,50,400. ಮೂರು ಲಕ್ಷದ ಬಿಲ್ಲಿಗೆ ನಾವು ಕಟ್ಟಿದ್ದು 1,49,600. ಅದೇ ಬಿಲ್ಲನ್ನು ರೂಮ್ ಮಿತಿಯೂ ಕೋ-ಪೇಯೂ ಇಲ್ಲದ ಐದು ಲಕ್ಷದ ಇನ್ನೊಂದು ಪಾಲಿಸಿಗೆ ಒಡ್ಡಿದರೆ ನಮ್ಮ ಪಾಲು 12,000 ಮಾತ್ರ. ಎರಡಕ್ಕೂ ವ್ಯತ್ಯಾಸ 1,37,600. ಎರಡನೆಯದರ ಕಂತು ವರ್ಷಕ್ಕೆ 6,000 ಜಾಸ್ತಿ ಇದ್ದರೂ ಈ ಒಂದು ಬಿಲ್ಲಿನ ವ್ಯತ್ಯಾಸದಲ್ಲಿ ಸುಮಾರು 23 ವರ್ಷದ ಹೆಚ್ಚುವರಿ ಕಂತು ಕಟ್ಟಬಹುದು. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಆಸ್ಪತ್ರೆಯ ದರ ವಿಚಾರಿಸಿ ನಿಮ್ಮದೇ ಬಿಲ್ಲು ಬರೆದುಕೊಳ್ಳಿ. ಅರ್ಧ ಗಂಟೆಯ ಈ ಕೆಲಸ ಹೋಲಿಕೆಯ ಯಾವ ವೆಬ್‌ಸೈಟಿನ ನಕ್ಷತ್ರ ಚಿಹ್ನೆಗಿಂತಲೂ ಹೆಚ್ಚು ಹೇಳುತ್ತದೆ.

ನಾವು ಡೀಲಕ್ಸ್ ರೂಮಿನ ಜನವಲ್ಲ, ಜನರಲ್ ವಾರ್ಡಿನಲ್ಲೇ ಇರುತ್ತೇವೆ, ನಮಗೇಕೆ ಈ ಚಿಂತೆ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮುಗಳಲ್ಲಿ ರೂಮಿನ ಬಾಡಿಗೆ ಮಿತಿಯೊಳಗೇ ಮುಗಿಯುವುದುಂಟು. ಆದರೆ ದೊಡ್ಡ ಬಿಲ್ಲು ಆಗುವಂಥ ಕಾಯಿಲೆ ಬಂದಾಗ ಹಾಸನದವರು ಹಾಸನದಲ್ಲಿ, ಗದಗದವರು ಗದಗದಲ್ಲಿ ಉಳಿಯುವುದು ಕಡಿಮೆ. ಬೆಂಗಳೂರು, ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ರಾತ್ರಿ ಹೊತ್ತು ತುರ್ತಾಗಿ ಸೇರಿಸುವಾಗ ಯಾವ ರೂಮು ಖಾಲಿ ಇದೆಯೋ ಅದೇ ನಮ್ಮ ರೂಮು, ಆರಿಸಿಕೊಳ್ಳುವ ಪುರಸೊತ್ತು ಎಲ್ಲಿದೆ? ಇದರ ಜೊತೆಗೇ ನೋಡಬೇಕಾದ ಇನ್ನೊಂದು ಷರತ್ತು ವಲಯದ್ದು. ಕೆಲವು ಕಂಪನಿಗಳು ದೇಶವನ್ನು ವಲಯಗಳಾಗಿ ಹಂಚಿ ಸಣ್ಣ ಊರಿನವರಿಗೆ ಕಂತು ಕಡಿಮೆ ಮಾಡುತ್ತವೆ; ಆ ಕಡಿಮೆ ಕಂತಿನ ಪಾಲಿಸಿ ಹಿಡಿದು ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನಲ್ಲಿ ಇಷ್ಟು ಶೇಕಡಾ ನಿಮ್ಮದು ಎನ್ನುತ್ತವೆ. ಜಿಲ್ಲೆಗಳಲ್ಲಿ ವಾಸಿಸುತ್ತ ಬೆಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿಕೊಂಡವರು ಈ ಒಂದು ಸಾಲನ್ನು ಹುಡುಕಿ ಓದದೆ ಸಹಿ ಹಾಕಬಾರದು.

ಕಾಯಿಲೆವಾರು ಮಿತಿಗಳು ಇನ್ನೊಂದು ಬಗೆಯ ಕಡಿತ. ಹತ್ತು ಲಕ್ಷದ ಪಾಲಿಸಿಯಲ್ಲೂ ಕಣ್ಣಿನ ಪೊರೆಗೆ ಇಷ್ಟು, ಮಂಡಿ ಚಿಪ್ಪು ಬದಲಾವಣೆಗೆ ಇಷ್ಟು, ರೋಬಾಟಿಕ್ ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಗೆರೆ ಎಳೆದಿರಬಹುದು. ಹೋಲಿಕೆಗೆ ಅಳತೆಗೋಲು ಬೇಕೆಂದರೆ ಸರ್ಕಾರದ ನಿಯಂತ್ರಕರೇ ಒಂದನ್ನು ಕೊಟ್ಟಿದ್ದಾರೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆರೋಗ್ಯ ಸಂಜೀವನಿ ಎಂಬ ಪಾಲಿಸಿಯ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ: ರೂಮಿಗೆ ವಿಮಾ ಮೊತ್ತದ ಶೇ 2, ಹೆಚ್ಚೆಂದರೆ ದಿನಕ್ಕೆ 5,000, ಐಸಿಯುಗೆ ಶೇ 5, ಹೆಚ್ಚೆಂದರೆ 10,000, ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ವಿಮಾ ಮೊತ್ತದ ಕಾಲು ಭಾಗ ಅಥವಾ 40,000, ಎರಡರಲ್ಲಿ ಕಡಿಮೆಯಾದದ್ದು, ಪ್ರತಿ ಕ್ಲೇಮಿನಲ್ಲೂ ಶೇ 5 ಕೋ-ಪೇ. ಇದನ್ನು ಎಲ್ಲರೂ ಕೊಳ್ಳಬೇಕೆಂದಲ್ಲ. ಮಹಾನಗರದ ಖಾಸಗಿ ಆಸ್ಪತ್ರೆಗೆ ಇದು ಸಾಲದು. ಆದರೆ ಏಜೆಂಟರು ತೋರಿಸುತ್ತಿರುವ ಪಾಲಿಸಿಯ ಷರತ್ತು ಈ ಸರಳ ಪಾಲಿಸಿಗಿಂತಲೂ ಬಿಗಿಯಾಗಿದೆ ಎಂದು ಕಂಡರೆ ಅದಕ್ಕೆ ಹೆಚ್ಚು ಕಂತು ಏಕೆ ಕೊಡಬೇಕೆಂದು ಧೈರ್ಯವಾಗಿ ಕೇಳಬಹುದು.

ದಪ್ಪ ಕರಾರನ್ನು ಯಾರು ಓದುತ್ತಾರೆ ಎಂಬ ಮಾತಿಗೆ ಈಗ ಅರ್ಥ ಉಳಿದಿಲ್ಲ. ಗ್ರಾಹಕ ಮಾಹಿತಿ ಪತ್ರ ಎಂಬ ಚಿಕ್ಕ ದಾಖಲೆಯನ್ನು ಪ್ರತಿ ಪಾಲಿಸಿಯೊಂದಿಗೆ ಕೊಡುವುದು ಕಡ್ಡಾಯ. ವಿಮಾ ಮೊತ್ತ, ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಕಾಯುವ ಅವಧಿ, ಒಳಮಿತಿಗಳು, ಕೋ-ಪೇ, ದೂರು ಎಲ್ಲಿಗೆ ಎಂಬುದೆಲ್ಲ ಅದರಲ್ಲಿ ಕೆಲವೇ ಪುಟದಲ್ಲಿರುತ್ತದೆ. ಕೊಂಡ ಮೇಲೆ ಪಡೆಯುವ ಬದಲು ಕೊಳ್ಳುವ ಮೊದಲೇ ಕೇಳಿ ಪಡೆದು, ಎರಡು ಮೂರು ಪಾಲಿಸಿಗಳ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬಣ್ಣದ ಬ್ರೋಷರಿಗೆ ಇಂಥ ಹೊಣೆಗಾರಿಕೆ ಇಲ್ಲ.

ಇನ್ನು ಕಾಲದ ಕಡಿತ. ಪಾಲಿಸಿ ಕೈಗೆ ಬಂದ ಮಾತ್ರಕ್ಕೆ ಎಲ್ಲ ಕಾಯಿಲೆಗೂ ರಕ್ಷಣೆ ಶುರುವಾಗುವುದಿಲ್ಲ. ಅಪಘಾತ ಬಿಟ್ಟರೆ ಮೊದಲ 30 ದಿನ ಏನೂ ಇಲ್ಲ. ಹರ್ನಿಯಾ, ಕಣ್ಣಿನ ಪೊರೆ, ಕೀಲು ಬದಲಾವಣೆಯಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಪಾಲಿಸಿಗೆ ಮೊದಲೇ ಇದ್ದ ಬಿಪಿ, ಶುಗರ್, ಥೈರಾಯ್ಡ್ ಮುಂತಾದವುಗಳಿಗೆ ಹಿಂದೆ ನಾಲ್ಕು ವರ್ಷದವರೆಗೂ ಕಾಯಿಸಬಹುದಿತ್ತು. 2024ರ ಏಪ್ರಿಲ್‌ನಿಂದ ಅದು ಹೆಚ್ಚೆಂದರೆ 36 ತಿಂಗಳು. ಇದು ಗರಿಷ್ಠ ಮಿತಿ ಮಾತ್ರ, ಕಡಿಮೆ ಇಟ್ಟ ಪಾಲಿಸಿಗಳೂ ಇವೆ. ನಲವತ್ತು ದಾಟಿದ, ಶುಗರ್ ಮಾತ್ರೆ ನುಂಗುವವರಿರುವ ಮನೆಗೆ ಕಂತಿನ ನಾಲ್ಕು ಸಾವಿರದ ವ್ಯತ್ಯಾಸಕ್ಕಿಂತ ಕಾಯುವ ಅವಧಿಯ ಎರಡು ವರ್ಷದ ವ್ಯತ್ಯಾಸ ದೊಡ್ಡದು. ಇಪ್ಪತ್ತೆಂಟರ ದಂಪತಿಗೆ ಅದು ಅಷ್ಟು ಮುಖ್ಯವಲ್ಲ. ಅವರು ನೋಡಬೇಕಾದದ್ದು ಹೆರಿಗೆಯ ಖರ್ಚಿಗೆ ಎಷ್ಟು ಕಾಯಬೇಕು, ಹುಟ್ಟಿದ ಮಗುವಿಗೆ ಯಾವಾಗಿನಿಂದ ರಕ್ಷಣೆ ಎಂಬುದನ್ನು. ಒಂದೇ ಪಾಲಿಸಿ ಎಲ್ಲರಿಗೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಅವರಿಗೆ ನಿಮ್ಮ ಮನೆಯ ವಿಷಯ ಗೊತ್ತಿಲ್ಲ ಎಂದೇ ತಿಳಿಯಿರಿ.

ಕಾಯುವ ಅವಧಿಯ ತಲೆನೋವೇ ಬೇಡ, ಬಿಪಿ ಇದೆ ಎಂದು ಬರೆಯದಿದ್ದರಾಯಿತು ಎಂಬ ಸಲಹೆ ಊರೂರಲ್ಲೂ ಸಿಗುತ್ತದೆ. ಬರೆದರೆ ಕಂತು ಏರಬಹುದು, ಕೆಲವೊಮ್ಮೆ ಪಾಲಿಸಿಯೇ ಸಿಗದಿರಬಹುದು ಎಂಬುದು ನಿಜ. ಆದರೂ ಈ ಸಲಹೆ ಕೇಳಬಾರದು. ಸಕ್ಕರೆ ಕಾಯಿಲೆಯನ್ನೂ ಅದರಿಂದಾದ ಮೂತ್ರಪಿಂಡದ ತೊಂದರೆಯನ್ನೂ ಮುಚ್ಚಿಟ್ಟು ಆರೋಗ್ಯವಂತನೆಂದು ಬರೆದುಕೊಟ್ಟಿದ್ದವರೊಬ್ಬರ ಪ್ರಕರಣದಲ್ಲಿ ಕಂಪನಿ ಕ್ಲೇಮು ತಳ್ಳಿಹಾಕಿದ್ದು ಸರಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. 2021ರ ಡಿಸೆಂಬರ್‌ನ ತೀರ್ಪು ಇದರ ಇನ್ನೊಂದು ಮುಖ. ಸಕ್ಕರೆ ಕಾಯಿಲೆ ಇದೆಯೆಂದು ತಿಳಿಸಿ, ವೈದ್ಯಕೀಯ ಪರೀಕ್ಷೆಗೂ ಒಳಗಾಗಿ ವಿದೇಶ ಪ್ರವಾಸದ ಪಾಲಿಸಿ ಪಡೆದವರಿಗೆ ಅಮೆರಿಕದಲ್ಲಿ ಹೃದಯಾಘಾತವಾಯಿತು. ಹಳೆಯ ಕಾಯಿಲೆಯ ನೆಪದಲ್ಲಿ ಕ್ಲೇಮು ನಿರಾಕರಿಸಿದ ಕಂಪನಿ ಹಣ ಕೊಡಲೇಬೇಕೆಂದು ಅದೇ ಕೋರ್ಟ್ ಆದೇಶಿಸಿತು. ಗ್ರಾಹಕರ ಸ್ಥಿತಿ ತಿಳಿದು, ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ ಅದನ್ನೇ ಮುಂದೊಡ್ಡಿ ಜಾರಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟರೆಂದು ಕ್ಲೇಮು ತಿರಸ್ಕರಿಸಲು ಬರುವುದಿಲ್ಲ ಎಂಬ ನಿಯಮವೂ ಈಗಿದೆ. ಅದನ್ನು ನೆಚ್ಚಿ ಐದು ವರ್ಷ ಉಸಿರು ಬಿಗಿಹಿಡಿದು ಕೂರುವುದಕ್ಕಿಂತ ಮೊದಲೇ ಬರೆದುಕೊಡುವುದು ಮೇಲು. ಅರ್ಜಿಯನ್ನು ಏಜೆಂಟರು ತುಂಬಿದರೂ ಸಹಿ ನಿಮ್ಮದು.

ಯಾರನ್ನು ಯಾವ ಪಾಲಿಸಿಯಲ್ಲಿ ಸೇರಿಸಬೇಕು ಎಂಬಲ್ಲೂ ಹಣ ಪೋಲಾಗುತ್ತದೆ. ಇಡೀ ಕುಟುಂಬಕ್ಕೆ ಒಂದೇ ಮೊತ್ತ ಇರುವ ಫ್ಲೋಟರ್ ಪಾಲಿಸಿ ಗಂಡ, ಹೆಂಡತಿ, ಮಕ್ಕಳಿಗೆ ಒಳ್ಳೆಯದು. ಎಲ್ಲರೂ ಒಂದೇ ವರ್ಷ ಆಸ್ಪತ್ರೆ ಸೇರುವ ಸಂಭವ ಕಡಿಮೆ. ಅದೇ ಪಾಲಿಸಿಗೆ ಅರವತ್ತೆಂಟರ ಅಪ್ಪ, ಅರವತ್ಮೂರರ ಅಮ್ಮನನ್ನು ಸೇರಿಸಿದರೆ ಲೆಕ್ಕ ತಲೆಕೆಳಗು. ಹಲವು ಫ್ಲೋಟರ್‌ಗಳಲ್ಲಿ ಕಂತು ನಿಗದಿಯಾಗುವುದು ಹಿರಿಯ ಸದಸ್ಯರ ವಯಸ್ಸಿನ ಮೇಲೆ. ಅವರ ಒಂದು ಶಸ್ತ್ರಚಿಕಿತ್ಸೆಗೆ ಎಲ್ಲರ ಮೊತ್ತವೂ ಕರಗುತ್ತದೆ, ಕ್ಲೇಮಿಲ್ಲದ ವರ್ಷಕ್ಕೆ ಸಿಗುವ ಬೋನಸ್ಸಿಗೂ ಪೆಟ್ಟು ಬೀಳುತ್ತದೆ. ಹಿರಿಯರಿಗೆ ಬೇರೆ ಪಾಲಿಸಿ ಮಾಡಿಸುವುದೇ ಸರಿ. ಅದರಲ್ಲಿ ಕೋ-ಪೇ ಇಲ್ಲದ್ದು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಶೇ 10ರಿಂದ 20 ಕೋ-ಪೇ ಒಪ್ಪಿಕೊಂಡು, ಆ ಪಾಲಿಗೆಂದು ಸ್ವಲ್ಪ ಹಣ ಬ್ಯಾಂಕಿನಲ್ಲಿಡುವುದು ಕೈಗೆಟಕುವ ದಾರಿ. ಅರವತ್ತೈದು ದಾಟಿತು, ಇನ್ನು ವಿಮೆ ಸಿಗದು ಎಂಬ ಮಾತು ಹಳೆಯದು. 2024ರ ನಿಯಮ ಎಲ್ಲ ವಯೋಮಾನದವರಿಗೂ ಪಾಲಿಸಿಗಳಿರಬೇಕು ಎನ್ನುತ್ತದೆ. ಅರವತ್ತು ದಾಟಿದವರ ಕಂತನ್ನು ಪ್ರಾಧಿಕಾರದ ಜೊತೆ ಸಮಾಲೋಚಿಸದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲವೆಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಮೊತ್ತ ಎಷ್ಟಿರಬೇಕು? ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆಗಳ ಖರ್ಚು ನೋಡಿದರೆ ನಗರದ ನಾಲ್ವರ ಕುಟುಂಬಕ್ಕೆ ಐದು ಲಕ್ಷ ಸಾಲದು ಎಂದೇ ನನ್ನ ಅಭಿಪ್ರಾಯ. ಹಾಗೆಂದು ಇಪ್ಪತ್ತೈದು ಲಕ್ಷದ ಪಾಲಿಸಿಯ ಕಂತು ಎಲ್ಲರ ಕೈಗೂ ಎಟಕುವುದಿಲ್ಲ. ನಡುವಿನ ದಾರಿ ಎಂದರೆ ಒಂದು ಮೂಲ ಪಾಲಿಸಿ, ಅದರ ಮೇಲೊಂದು ಸೂಪರ್ ಟಾಪ್-ಅಪ್. ಇಲ್ಲಿ ‘ಸೂಪರ್’ ಎಂಬುದು ಜಾಹೀರಾತಿನ ಬಣ್ಣವಲ್ಲ. ಐದು ಲಕ್ಷದ ಮೂಲ ಪಾಲಿಸಿ ಇರುವವರು ಒಂದೇ ವರ್ಷದಲ್ಲಿ ನಾಲ್ಕು ಲಕ್ಷದಂತೆ ಎರಡು ಬಾರಿ ಆಸ್ಪತ್ರೆ ಸೇರಿದರೆಂದುಕೊಳ್ಳಿ. ಮೂಲ ಪಾಲಿಸಿ ಐದು ಲಕ್ಷ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಬರಿಯ ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಯಾಗಿ ನೋಡಿ, ಯಾವುದೂ ಐದು ಲಕ್ಷ ದಾಟಿಲ್ಲವೆಂದು ಒಂದು ರೂಪಾಯಿಯನ್ನೂ ಕೊಡದು. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನು ಕೂಡಿ, ಎಂಟರಲ್ಲಿ ಐದು ಕಳೆದು, ಉಳಿದ ಮೂರು ಲಕ್ಷವನ್ನು ಕೊಡುತ್ತದೆ. ಕೊಳ್ಳುವಾಗ ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತದೆ, ಎಚ್ಚರ.

ಆಫೀಸಿನಲ್ಲೇ ವಿಮೆ ಇದೆ, ಮತ್ತೊಂದು ಏಕೆ ಎಂಬುದು ಬೆಂಗಳೂರಿನ ಸಂಬಳದಾರರ ಸಾಮಾನ್ಯ ಆಕ್ಷೇಪಣೆ. ಕಂಪನಿಯ ಗುಂಪು ವಿಮೆ ನಿಜಕ್ಕೂ ಒಳ್ಳೆಯದು. ಬಹುಪಾಲು ಕಡೆ ಕಾಯುವ ಅವಧಿಯೇ ಇರುವುದಿಲ್ಲ, ತಂದೆತಾಯಿಗೂ ರಕ್ಷಣೆ ಸಿಗುವುದುಂಟು. ಆದರೆ ಅದು ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುತ್ತದೆ. ಐವತ್ತರಲ್ಲಿ ಕೆಲಸ ಬಿಟ್ಟವರು ಹೊಸ ಪಾಲಿಸಿಗೆ ಅರ್ಜಿ ಹಾಕುವ ಹೊತ್ತಿಗೆ ಬಿಪಿ, ಶುಗರ್ ಎರಡೂ ಜೊತೆಯಾಗಿರುತ್ತವೆ, ಕಾಯುವ ಅವಧಿ ಆಗ ಮೊದಲಿನಿಂದ ಶುರು. ಮೂವತ್ತರಲ್ಲೇ ಸಣ್ಣದೊಂದು ಸ್ವಂತ ಪಾಲಿಸಿ ಇಟ್ಟುಕೊಂಡಿದ್ದರೆ ಆ ಅವಧಿ ತಾನಾಗಿಯೇ ಸವೆದುಹೋಗಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿಯೂ ಹೋಗಿದೆ. ಇನ್ನೊಂದು ತುದಿಯಲ್ಲಿ, ಖಾಸಗಿ ವಿಮೆಯ ಅವಸರವಿಲ್ಲದ ಕುಟುಂಬಗಳೂ ಇವೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜು ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಸಹಕಾರ ಸಂಘದ ಸದಸ್ಯರಾದ ರೈತ ಕುಟುಂಬಗಳಿಗೆ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2023ರ ಜನವರಿಯಿಂದ ಮತ್ತೆ ಚಾಲನೆಗೆ ಬಂದ ಯಶಸ್ವಿನಿ ಇದೆ. ತಿಂಗಳಿಗೆ 21,000ದವರೆಗೆ ಸಂಬಳದ ಕಾರ್ಮಿಕರಿಗೆ ಇಎಸ್ಐ ಇದೆ. ಇವುಗಳಲ್ಲಿ ಯಾವುದು ನಮಗೆ ಸಿಗುತ್ತದೆ ಎಂದು ನೋಡದೆ ಸಾಲ ಮಾಡಿ ಕಂತು ಕಟ್ಟುವುದು ಜಾಣತನವಲ್ಲ.

ಕಂತಿನ ಹಣವನ್ನು ಎಫ್‌ಡಿಯಲ್ಲಿಟ್ಟರೆ ಬಡ್ಡಿಯಾದರೂ ಬರುತ್ತದೆ ಎಂದು ವಾದಿಸುವವರಿದ್ದಾರೆ. 2023-24ರಲ್ಲಿ ಸರಾಸರಿ ಒಂದು ಕ್ಲೇಮಿಗೆ ಸಿಕ್ಕದ್ದು ಸುಮಾರು 31,000 ರೂಪಾಯಿ ಎಂಬ ಅಂಕಿ ಅವರಿಗೆ ಬಲ ಕೊಡುವಂತೆ ಕಾಣುತ್ತದೆ. ಮೂವತ್ತು ಸಾವಿರವನ್ನು ಹೇಗಾದರೂ ಹೊಂದಿಸಬಹುದು, ನಿಜ. ಆದರೆ ಆ ಸರಾಸರಿಯೊಳಗೆ ಡೆಂಗಿ ಜ್ವರದ ಸಾವಿರಾರು ಸಣ್ಣ ಬಿಲ್ಲುಗಳೂ ಕರುಳಿನ ಕ್ಯಾನ್ಸರಿನ ಹನ್ನೆರಡು ಲಕ್ಷದ ಬಿಲ್ಲೂ ಕೂಡಿಕೊಂಡಿವೆ. ಮನೆ ಮಾರಿಸುವುದು ಎರಡನೆಯದು. ಸಣ್ಣ ಬಿಲ್ಲಿಗೆ ಎಫ್‌ಡಿ, ದೊಡ್ಡ ಬಿಲ್ಲಿಗೆ ವಿಮೆ ಎಂದು ಹಂಚಿಕೊಂಡರೆ ಎರಡೂ ವಾದಗಳಿಗೆ ಜಾಗವಿದೆ. ಮೊದಲ 25,000 ಅಥವಾ 50,000 ನಾವೇ ಭರಿಸುತ್ತೇವೆಂದು ಒಪ್ಪಿಕೊಂಡರೆ ಕಂತು ಇಳಿಸುವ ಪಾಲಿಸಿಗಳೂ ಇವೆ.

ಕಂಪನಿಯನ್ನು ಅಳೆಯುವ ಅಂಕಿಗಳ ಬಗ್ಗೆ ಎರಡು ಮಾತು. ಸಂಗ್ರಹಿಸಿದ ಕಂತಿನಲ್ಲಿ ಎಷ್ಟು ಪಾಲು ಕ್ಲೇಮಿಗೆ ಹೋಯಿತು ಎಂಬ ಅನುಪಾತ 2023-24ರಲ್ಲಿ ಸರ್ಕಾರಿ ಕಂಪನಿಗಳದ್ದು ಶೇ 100 ಮೀರಿತ್ತು. ಆರೋಗ್ಯ ವಿಮೆಯನ್ನಷ್ಟೇ ಮಾರುವ ಖಾಸಗಿ ಕಂಪನಿಗಳದ್ದು ಶೇ 65ರ ಆಸುಪಾಸು. ಹಾಗಾದರೆ ಸರ್ಕಾರಿ ಕಂಪನಿಯೇ ಸರಿ ಎಂದು ತಕ್ಷಣ ತೀರ್ಮಾನಿಸುವಂತಿಲ್ಲ. ಸರ್ಕಾರಿ ಕಂಪನಿಗಳ ವ್ಯವಹಾರದಲ್ಲಿ ಗುಂಪು ವಿಮೆಯ ಪಾಲು ದೊಡ್ಡದು, ಅಲ್ಲಿ ಕ್ಲೇಮು ಹೆಚ್ಚು. ನೂರು ಮೀರಿದ ಅನುಪಾತ ಇಂದಲ್ಲ ನಾಳೆ ಕಂತು ಏರಿಸುವ ಒತ್ತಡವನ್ನೂ ತರುತ್ತದೆ. ಬಹಳ ಕೆಳಗಿನ ಅನುಪಾತ ಗ್ರಾಹಕರಿಗೆ ಸಿಗುತ್ತಿರುವುದು ಕಡಿಮೆ ಎಂದು ಸೂಚಿಸುತ್ತದೆ. ಒಂದು ವರ್ಷದ ಅಂಕಿಗೆ ಮರುಳಾಗದೆ ಮೂರು ವರ್ಷದ್ದು ನೋಡಬೇಕು. ಅದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿದೆ: ನೀವು ನಿಜವಾಗಿ ಹೋಗುವ ಎರಡು ಮೂರು ಆಸ್ಪತ್ರೆಗಳ ವಿಮಾ ಡೆಸ್ಕಿಗೆ ಹೋಗಿ, ಈ ಕಂಪನಿಯ ಕ್ಯಾಶ್‌ಲೆಸ್ ನಿಮ್ಮಲ್ಲಿ ನಡೆಯುತ್ತದೆಯೇ, ಮಂಜೂರಾತಿ ತಡವಾಗುತ್ತದೆಯೇ ಎಂದು ಕೇಳುವುದು. ಅಲ್ಲಿ ಕೂತವರಿಗೆ ಯಾವ ಕಂಪನಿ ಸತಾಯಿಸುತ್ತದೆ ಎಂಬುದು ಬಾಯಿಪಾಠ. ಜಿಮ್ ಕೂಪನ್ನು, ಉಚಿತ ತಪಾಸಣೆ, ಬೋನಸ್ಸಿನಿಂದ ಹತ್ತು ಲಕ್ಷ ಇಪ್ಪತ್ತಾಗುವ ಭರವಸೆ ಇವೆಲ್ಲ ಸಮಬಲದ ಎರಡು ಪಾಲಿಸಿಗಳು ಉಳಿದಾಗ ಮಾತ್ರ ನೋಡುವ ಸಂಗತಿಗಳು.

ಈ ಸಲದ ಆಯ್ಕೆ ತಪ್ಪಿದರೆ ಜೀವನಪೂರ್ತಿ ಅನುಭವಿಸಬೇಕೆಂದೇನೂ ಇಲ್ಲ. ಈಗಿರುವ ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಬಹುದು; ಸವೆಸಿದ ಕಾಯುವ ಅವಧಿ, ಹಳೆಯ ವಿಮಾ ಮೊತ್ತದ ಮಟ್ಟಿಗೆ, ಹೊಸ ಕಡೆಯೂ ಲೆಕ್ಕಕ್ಕೆ ಬರುತ್ತದೆ. ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು, ಮತ್ತು ಹೊಸ ಕಂಪನಿ ಒಪ್ಪುವವರೆಗೆ ಹಳೆಯದನ್ನು ಬಿಡಬಾರದು. ಹಿಂದಿನ ವರ್ಷ ಕ್ಲೇಮು ಮಾಡಿದಿರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. ಆರೋಗ್ಯ ವಿಮೆಯ ಕಂತಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಅಂದರೆ ಸ್ವಂತ ಕುಟುಂಬಕ್ಕೆ 25,000, ಹಿರಿಯ ನಾಗರಿಕ ತಂದೆತಾಯಿಗೆ 50,000, ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. ತೆರಿಗೆ ಉಳಿಸಲೆಂದೇ ಮಾರ್ಚ್ ಕೊನೆಯಲ್ಲಿ ಅವಸರದಿಂದ ಪಾಲಿಸಿ ಕೊಳ್ಳುವವರು ಇದನ್ನು ನೆನಪಿಡಬೇಕು.

ಕೊಂಡ ಮೇಲಿನ ಹಕ್ಕುಗಳೂ ಮೊದಲಿಗಿಂತ ಗಟ್ಟಿಯಾಗಿವೆ. 2024ರ ಮೇ 29ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿನ ಅಂತಿಮ ಮಂಜೂರಾತಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಅದಕ್ಕೂ ತಡವಾಗಿ ಆಸ್ಪತ್ರೆ ಹೆಚ್ಚು ಹಣ ಕೇಳಿದರೆ ಅದು ಕಂಪನಿಯ ತಲೆಯ ಮೇಲೆ. ಕ್ಲೇಮಿನಲ್ಲಿ ಅನ್ಯಾಯವಾಯಿತೆನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ. ಅಲ್ಲಿ 50 ಲಕ್ಷದವರೆಗಿನ ವ್ಯಾಜ್ಯಗಳನ್ನು ಶುಲ್ಕವಿಲ್ಲದೆ ನೋಡುತ್ತಾರೆ, ವಕೀಲರ ಅಗತ್ಯವಿಲ್ಲ. ಆದರೆ ಓಂಬುಡ್ಸ್‌ಮನ್ ಮುಂದಿಟ್ಟುಕೊಂಡು ಓದುವುದೂ ನೀವು ಸಹಿ ಹಾಕಿದ ಕರಾರನ್ನೇ. ಅದರಲ್ಲಿ ರೂಮಿಗೆ 5,000ದ ಮಿತಿ ಎಂದಿದ್ದರೆ ಅವರೂ ಅದನ್ನು ಹತ್ತು ಸಾವಿರ ಮಾಡಲಾರರು. ಹಾಗಾಗಿ ಪಾಲಿಸಿ ಕೈಗೆ ಬಂದ ದಿನದಿಂದ ಸಿಗುವ 30 ದಿನದ ಪರಿಶೀಲನಾ ಅವಧಿಯನ್ನು ವ್ಯರ್ಥ ಮಾಡಬೇಡಿ. ನಿಮ್ಮ ಊಹೆಯ ಬಿಲ್ಲನ್ನು ಈಗ ಮುದ್ರಿತ ಕರಾರಿಗೆ ಮತ್ತೊಮ್ಮೆ ಒಡ್ಡಿ ನೋಡಿ. ಅರ್ಜಿಯ ನಕಲಿನಲ್ಲಿ ಬಿಪಿ, ಶುಗರ್, ಹಳೆಯ ಆಪರೇಷನ್ನಿನ ಕಾಲಂಗಳನ್ನು ಕಣ್ಣಾರೆ ಓದಿ, ತಪ್ಪಿದ್ದರೆ ಅಂದೇ ಇಮೇಲಿನಲ್ಲಿ ಬರೆದು ತಿದ್ದಿಸಿ. ಏಜೆಂಟರು ಬಾಯಿಮಾತಿನಲ್ಲಿ ಹೇಳಿದ್ದು ಕರಾರಿನಲ್ಲಿ ಇಲ್ಲದಿದ್ದರೆ ಅವಧಿಯೊಳಗೆ ಪಾಲಿಸಿ ಹಿಂತಿರುಗಿಸಿ. ವೈದ್ಯಕೀಯ ತಪಾಸಣೆ, ಸ್ಟಾಂಪ್ ಶುಲ್ಕ ಮತ್ತು ಕಳೆದ ದಿನಗಳ ಪಾಲು ಹಿಡಿದುಕೊಂಡು ಉಳಿದ ಹಣ ವಾಪಸು ಬರುತ್ತದೆ.